ಹಿಮಾಲಯ ನೋಡಬೇಕು, ಗದ್ದಲ ಬೇಡ

ಪ್ರಶ್ನೆ: ಅಪ್ಪನಿಗೆ 70 ವರ್ಷ, ಅಮ್ಮನಿಗೆ ಮಂಡಿನೋವು. ಇಬ್ಬರಿಗೂ ಒಮ್ಮೆ ಹಿಮಾಲಯ ತೋರಿಸಬೇಕು ಅಂತ ಆಸೆ. ಟೂರ್ ಹೋಗಿ ಬಂದವರೆಲ್ಲ ‘ಬರೀ ಟ್ರಾಫಿಕ್ ಜಾಮ್ ನೋಡಿದ್ವಿ’ ಅಂತಾರೆ. ಜಾಸ್ತಿ ನಡೆಯದೆ, ಕೂತಲ್ಲಿಂದಲೇ ಹಿಮದ ಬೆಟ್ಟ ಕಾಣುವ ಊರು ಇದೆಯಾ? ಉಸಿರಾಟಕ್ಕೆ ತೊಂದರೆ ಆಗುತ್ತಾ?
– ಓದುಗರು, ದಾವಣಗೆರೆ

ಉತ್ತರ: ಇದೆ. ಕೌಸಾನಿಗೆ ಕರೆದುಕೊಂಡು ಹೋಗಿ. ಉತ್ತರಾಖಂಡದ ಬಾಗೇಶ್ವರ ಜಿಲ್ಲೆಯ ಪುಟ್ಟ ಊರು ಅದು. ಎತ್ತರ ಸುಮಾರು 1,890 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕಡಿಮೆಯೇ. ಎತ್ತರದಿಂದ ಉಸಿರು ಕಟ್ಟುತ್ತೆ ಅನ್ನೋ ಭಯ ಬೇಡ. ಮೊದಲೇ ಎದೆಯ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಕೊಂಡು ಹೊರಡಿ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಕನಿಷ್ಠ ನಾಲ್ಕು ರಾತ್ರಿ ಒಂದೇ ಊರಲ್ಲಿ ಉಳಿಯಿರಿ. ನೈನಿತಾಲ್ ಒಂದು ದಿನ, ರಾಣಿಖೇತ್ ಒಂದು ದಿನ ಅಂತ ಓಡಬೇಡಿ. ನಾನು ಹೋದಾಗ ಮೊದಲ ಎರಡು ದಿನ ಬರೀ ಮೋಡ. ಎದುರಿಗೆ ಬೆಟ್ಟ ಇದೆ ಅಂತ ಯಾರಾದರೂ ಹೇಳಿದರೂ ನಂಬೋ ಹಾಗಿರಲಿಲ್ಲ. ಪಕ್ಕದ ಕೋಣೆಯವರು ಬೇಜಾರಾಗಿ ಎರಡನೇ ದಿನ ಸಂಜೆಯೇ ಗಾಡಿ ಹತ್ತಿದರು. ಮೂರನೇ ದಿನ ಬೆಳಗಿನ ಜಾವ ಐದೂವರೆಗೆ ಲಾಡ್ಜ್‌ನ ಹುಡುಗ ಬಾಗಿಲು ಬಡಿದ. ರಜಾಯಿ ಹೊದ್ದುಕೊಂಡೇ ತಾರಸಿಗೆ ಹೋದೆ. ಕತ್ತಲಲ್ಲಿ, ನಾನು ಆಕಾಶ ಅಂದುಕೊಂಡಿದ್ದ ಕಡೆ, ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೆಂಬಿನ ಬಣ್ಣದ ಒಂದು ಚುಕ್ಕಿ ಹೊತ್ತಿಕೊಂಡಿತು. ಅದು ತ್ರಿಶೂಲ್ ಶಿಖರದ ತುದಿ, 7,120 ಮೀಟರ್. ಆಮೇಲೆ ಬೆಳಕು ಕೆಳಗೆ ಕೆಳಗೆ ಇಳೀತಾ ಬಂತು, ಬಲಗಡೆ ನಂದಾದೇವಿ ಕಂಡಿತು, ಇನ್ನೂ ಬಲಕ್ಕೆ ಪಂಚಚೂಲಿ, ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಟೀ ಆರಿ ತಣ್ಣಗಾಗಿತ್ತು. ಅಲ್ಲಿ ಸೂರ್ಯ ಶಿಖರಗಳ ಹಿಂದೆ ಹುಟ್ಟೋದಿಲ್ಲ, ಪಕ್ಕದಿಂದ ಬೆಳಕು ಹಾಕುತ್ತಾನೆ. ಅದಕ್ಕೇ ಪೂರ್ವಕ್ಕಿಂತ ಉತ್ತರಕ್ಕೆ ಮುಖ ಮಾಡಿರೋ ಕೋಣೆ ಕೇಳಿ ತಗೊಳ್ಳಿ. ನಿಮ್ಮ ಅಮ್ಮ ಮಂಚದ ಮೇಲೆ ಕೂತೇ ಎಲ್ಲ ನೋಡಬಹುದು.

ಮಿಕ್ಕ ಸಮಯದಲ್ಲಿ ಏನು ಮಾಡೋದು ಅಂತೀರಾ? 1929ರಲ್ಲಿ ಗಾಂಧೀಜಿ ಇಲ್ಲಿ ಕೆಲವು ದಿನ ಇದ್ದು, ತಾವು ಮಾಡಿದ ಭಗವದ್ಗೀತೆಯ ಅನುವಾದಕ್ಕೆ ಮುನ್ನುಡಿ ಬರೆದರು. ಆ ಜಾಗ ಈಗ ಅನಾಸಕ್ತಿ ಆಶ್ರಮ, ಸಂಜೆ ಪ್ರಾರ್ಥನೆಗೆ ಹೋಗಿ ಕೂರಬಹುದು. ಹಿಂದಿ ಕವಿ ಸುಮಿತ್ರಾನಂದನ ಪಂತ್ ಹುಟ್ಟಿದ ಮನೆಯೂ ಇದೇ ಊರಲ್ಲಿದೆ. ಕುವೆಂಪು ಅವರಿಗೆ ಜ್ಞಾನಪೀಠ ಬಂದದ್ದು 1967ರ ಸಾಲಿಗೆ, ಪಂತ್ ಅವರಿಗೆ ಅದರ ಮರುವರ್ಷದ್ದು. ಇಬ್ಬರೂ ಕಾಡು ಬೆಟ್ಟ ನೋಡ್ತಾ ಬೆಳೆದವರು ಅಲ್ವಾ, ಕುಪ್ಪಳಿಯ ಕವಿಮನೆ ನೋಡಿದವರಿಗೆ ಈ ಚಿಕ್ಕ ಮನೆ ತುಂಬ ಹತ್ತಿರ ಅನಿಸುತ್ತೆ. ಸುಮಾರು 17 ಕಿಲೋಮೀಟರ್ ದೂರದಲ್ಲಿ ಬೈಜನಾಥ್ ಇದೆ, ಕತ್ಯೂರಿ ರಾಜರ ಕಾಲದ ಕಲ್ಲಿನ ದೇವಸ್ಥಾನಗಳು, ಪಕ್ಕದಲ್ಲೇ ಗೋಮತಿ ಹೊಳೆ. ಶೃಂಗೇರಿಯ ಹಾಗೇ ಇಲ್ಲೂ ಮೀನುಗಳಿಗೆ ಕಡಲೆ, ಹಿಟ್ಟು ಹಾಕ್ತಾರೆ. ಮೆಟ್ಟಿಲ ಮೇಲೆ ಅಪ್ಪ ಅಮ್ಮ ಆರಾಮಾಗಿ ಕೂರಲಿ.

ದಾರಿ ಹೀಗೆ: ದೆಹಲಿಯಿಂದ ಕಾಠಗೋದಾಮ್‌ಗೆ ರೈಲು, ಅಲ್ಲಿಂದ ಟ್ಯಾಕ್ಸಿಯಲ್ಲಿ ಐದಾರು ಗಂಟೆ. ಪೂರ್ತಿ ತಿರುವುಗಳೇ. ವಾಂತಿ ಬರೋರಿದ್ದರೆ ಹೊಟ್ಟೆ ತುಂಬ ತಿನ್ನಿಸಬೇಡಿ, ಅರ್ಧ ದಾರೀಲಿ ಅಲ್ಮೋರಾದಲ್ಲಿ ನಿಲ್ಲಿಸಿ. ದಾರೀಲಿ ಸಿಗೋ ಕೈಂಚಿ ಧಾಮ ಅನ್ನೋ ಆಶ್ರಮದ ಹತ್ತಿರ ಶನಿವಾರ, ಭಾನುವಾರ ಗಾಡಿಗಳು ಸಿಕ್ಕಿಹಾಕಿಕೊಳ್ತವೆ. ವಾರದ ಮಧ್ಯೆ ಹೊರಡಿ.

ಪ್ರಶ್ನೆ: ಮಕ್ಕಳಿಗೆ ಏಪ್ರಿಲ್, ಮೇನಲ್ಲಿ ರಜೆ. ಆಗ ಅಂಥ ಊರಿಗೆ ಹೋದರೆ ಹಿಮದಲ್ಲಿ ಆಡಬಹುದಾ?
– ಓದುಗರು, ಹಾಸನ

ಉತ್ತರ: ಇಲ್ಲ. ಕೌಸಾನಿಯಲ್ಲಿ ಹಿಮ ಬಿದ್ದರೆ ಡಿಸೆಂಬರ್, ಜನವರಿಯಲ್ಲಿ, ಅದೂ ಎಲ್ಲ ವರ್ಷ ಅಲ್ಲ. ಬೇಸಿಗೆಯಲ್ಲಿ ಇನ್ನೊಂದು ಕಷ್ಟ ಇದೆ. ಪೈನ್ ಮರದ ಒಣ ಎಲೆಗೆ ಅಲ್ಲಿನವರು ‘ಪಿರೂಲ್’ ಅಂತಾರೆ, ಅದಕ್ಕೆ ಬೆಂಕಿ ಬಿದ್ದು ಕಾಡು ಉರಿಯುತ್ತೆ, ಹೊಗೆ ಕವಿದು ಶಿಖರಗಳೇ ಕಾಣೋದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿಯುತ್ತೆ, ಆಗಂತೂ ಬೇಡವೇ ಬೇಡ. ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿರೋದು ಅಕ್ಟೋಬರ್, ನವೆಂಬರ್‌ನಲ್ಲಿ. ದಸರಾ ರಜೆಗೆ ಹೋಗಿ.

ಪ್ರಶ್ನೆ: ಊಟಕ್ಕೆ ಏನು ಗತಿ? ನಮ್ಮ ಮಾವನಿಗೆ ಚಪಾತಿ ಸೇರೋದಿಲ್ಲ.
– ಓದುಗರು, ಮಂಡ್ಯ

ಉತ್ತರ: ಮಂಡ್ಯದವರಿಗೆ ಸಂತೋಷದ ಸುದ್ದಿ ಇದೆ! ನಾನಿದ್ದ ಲಾಡ್ಜ್‌ನ ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ಕಂದು ಹಿಟ್ಟು ಕಲಸ್ತಾ ಇದ್ದರು. ಏನಿದು ಅಂದೆ, ‘ಮಡುವಾ’ ಅಂದರು. ಬೆರಳಲ್ಲಿ ಮುಟ್ಟಿ ಮೂಸಿ ನೋಡಿದರೆ ನಮ್ಮ ರಾಗಿ! ಅವರು ರೊಟ್ಟಿ ಸುಟ್ಟು ತುಪ್ಪ ಹಾಕಿ ಬೆಲ್ಲದ ಜೊತೆ ಕೊಡ್ತಾರೆ. ‘ಗಹತ್’ ಅಂದರೆ ಹುರುಳಿಕಾಳು, ಚಳಿಗೆ ಅದರ ಬಿಸಿ ಬಿಸಿ ಸಾರು. ಅನ್ನ ಎಲ್ಲ ಕಡೆ ಸಿಗುತ್ತೆ. ಮುದ್ದೆ ಮಾತ್ರ ಇಲ್ಲ, ಆದರೆ ಮಾವನಿಗೇ ಮುದ್ದೆ ತಿರುವಲು ಬಂದರೆ ಅಡುಗೆಮನೆಯಲ್ಲಿ ಒಂದು ಮಾತು ಕೇಳಿ ನೋಡಿ. ನಾನು ಮುದ್ದೆಯನ್ನು ಅಗಿಯದೆ ನುಂಗ್ತೀವಿ ಅಂತ ಹೇಳಿದಾಗ ಆ ಅಜ್ಜಿ ಮಾಡಿ ತೋರಿಸು ಅಂತ ಪಾತ್ರೆಯನ್ನೇ ಮುಂದೆ ಇಟ್ಟಿದ್ದರು.