ರಾಡಾರ್ ಎಳೆದರೆ ನೆಲದ ಆಳ ಸಿಗುತ್ತದೆಯೇ?

ಪ್ರಶ್ನೆ: ಮಗಳು ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಪೀಟ್ ಎಂಬ ಜೌಗು ನೆಲದ ಮೇಲೆ ರಾಡಾರ್ ಪೆಟ್ಟಿಗೆ ಎಳೆದು, ಅಗೆಯದೆಯೇ ಆಳ ಅಳೆಯುತ್ತಾರಂತೆ. ಹೇಗೆ? ಅದನ್ನು ತರಿಸಿದರೆ ನಮ್ಮ ತೋಟದಲ್ಲಿ ಬೋರ್‌ವೆಲ್ ಪಾಯಿಂಟ್ ಹಿಡಿಯಬಹುದೇ?
– ಓದುಗರೊಬ್ಬರು, ಜಗಳೂರು

ಉತ್ತರ: ತರಿಸಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಪೀಟ್ ಎಂದರೆ ನರ್ಸರಿಯ ತೆಂಗಿನ ನಾರಿನ ಪುಡಿಯಲ್ಲ. ಸಾವಿರಾರು ವರ್ಷ ನೀರಿನಲ್ಲಿ ನೆನೆದು, ಗಾಳಿಯಾಡದೆ ಅರೆಬರೆ ಕೊಳೆತು ಕುಳಿತ ಪಾಚಿ, ಬೇರುಗಳ ರಾಶಿ. ಭೂಭಾಗದ ಶೇ 3ರಷ್ಟು ಜಾಗದಲ್ಲಿದ್ದುಕೊಂಡು ಮಣ್ಣಿನ ಇಂಗಾಲದ ಸುಮಾರು ಮೂರನೇ ಒಂದು ಪಾಲನ್ನು ಹಿಡಿದಿಟ್ಟಿದೆ. ಆಳ ತಿಳಿಯದೆ ಆ ಇಂಗಾಲದ ಲೆಕ್ಕ ಸಿಗುವುದಿಲ್ಲ.

ಯಂತ್ರಕ್ಕೆ ಗೊತ್ತಾಗುವುದು ಸಮಯ ಮಾತ್ರ. ಅದು ಬಿಟ್ಟ ರೇಡಿಯೊ ಅಲೆ, ಪೀಟ್ ಮುಗಿದು ಜೇಡಿಯೋ ಬಂಡೆಯೋ ಶುರುವಾಗಿ ನೀರಿನ ಅಂಶ ಥಟ್ಟನೆ ಇಳಿಯುವಲ್ಲಿ ತಿರುಗಿ ಬರುತ್ತದೆ. ಗಾಳಿಯಲ್ಲಿ ನ್ಯಾನೊಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯ ಒಂದು ಪಾಲಿಗೆ) 30 ಸೆಂ.ಮೀ. ಓಡುವ ಅಲೆ, ನೆನೆದ ಪೀಟ್‌ನಲ್ಲಿ 3.5ರಿಂದ 4 ಸೆಂ.ಮೀ. ತೆವಳುತ್ತದೆ. ಹೋಗಿಬರಲು 200 ನ್ಯಾನೊಸೆಕೆಂಡ್ ಹಿಡಿಯಿತೆನ್ನಿ, ಇಳಿಯಲು ಅದರ ಅರ್ಧ, ಅಂದರೆ 100; ವೇಗ 3.6 ಎಂದರೆ ಆಳ 3.6 ಮೀಟರ್. ಲೆಕ್ಕದಲ್ಲಿ 3.6ರ ಬದಲು ಒಣ ಮರಳಿನ ವೇಗವಾದ 15 ತುಂಬಿದರೆ ಆಳ 15 ಮೀಟರ್ ಆಗುತ್ತದೆ! ಪರದೆಯ ಚಿತ್ರ ಎರಡೂ ಸಲ ಅಷ್ಟೇ ಅಂದವಾಗಿರುತ್ತದೆ. ಹಾಗಾಗಿ ಅಲ್ಲಲ್ಲಿ ಉಕ್ಕಿನ ಸಲಾಕೆ ಇಳಿಸಿ ವೇಗವನ್ನು ತಾಳೆ ನೋಡಲೇಬೇಕು. ಸಲಾಕೆಯನ್ನೂ ಪೂರ್ತಿ ನಂಬುವಂತಿಲ್ಲ. ಹೂತ ಮರದ ತುಂಡಿಗೆ ತಗುಲಿ ನಿಲ್ಲುತ್ತದೆ, ಇಲ್ಲವೇ ಪೀಟ್ ದಾಟಿ ಮೆತ್ತನೆಯ ಜೇಡಿಗೆ ಇಳಿದುಬಿಡುತ್ತದೆ. ವೇಗ ಎಷ್ಟು ಹಿಡಿದರು, ಸಲಾಕೆ ಎಲ್ಲೆಲ್ಲಿ ಇಳಿಸಿದರು ಎಂದು ಮಗಳನ್ನು ಕೇಳಿ.

ಅಲ್ಲಿನ ಅನುಕೂಲ ಬೇರೆಯೇ ಇದೆ. ಮಳೆಯನ್ನೇ ನಂಬಿದ ಜೌಗಿನ ನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಅಲೆ ಹಲವು ಮೀಟರ್ ಇಳಿಯುತ್ತದೆ. ನಮ್ಮ ಎರೆಮಣ್ಣಿನ ಜೇಡಿ ಅದನ್ನು ನುಂಗಿಬಿಡುತ್ತದೆ. ಹರಿಹರದ ಬಳಿಯ ಎರೆಹೊಲದಲ್ಲಿ ಈ ಪೆಟ್ಟಿಗೆ ಎಳೆದು ನೋಡಿದ್ದೇನೆ. ಒಂದು ಮೀಟರ್ ಕೆಳಗೆ ಬರೀ ಗೀಚುಗೆರೆ. ಕೆಂಪು ಮಸಾರಿಯಲ್ಲಿ ಇನ್ನಷ್ಟು ಕಾಣಬಹುದು, ಆದರೆ ನಿಮ್ಮ ಕಡೆ ಬೋರ್‌ವೆಲ್ ಇಳಿಯುವುದು ನೂರಾರು ಅಡಿ.

ಅದಕ್ಕೆ ತಂತಿ ಹರಡಿ ನೆಲಕ್ಕೆ ವಿದ್ಯುತ್ ಹರಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ವಿದ್ಯುತ್ ರೋಧ ಸಮೀಕ್ಷೆಯೇ ಸರಿ. ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸುವವರ ಬಗ್ಗೆ ನನ್ನನ್ನು ಕೇಳಬೇಡಿ. ಸಮೀಕ್ಷೆಯವರು ಬಂದಾಗ ತಂತಿ ಎಷ್ಟು ಉದ್ದ ಎಳೆಯುತ್ತಾರೆ ಎಂಬುದನ್ನು ಮಾತ್ರ ಗಮನಿಸಿ. ತಂತಿ ಹರಡಿದ ಉದ್ದಕ್ಕಿಂತ ಹೆಚ್ಚು ಆಳ ಅದಕ್ಕೆ ಕಾಣುವುದಿಲ್ಲ, ಹಾಗಾಗಿ 200 ಅಡಿ ಹರಡಿ 600 ಅಡಿಯ ನೀರು ಹೇಳುವವರಿಗೆ ಹಣ ಕೊಡಬೇಡಿ.