ವಕೀಲರಿಲ್ಲದೆ ಮಗಳ ಭೇಟಿಗೆ ಅರ್ಜಿ: ನಿಮ್ಮ ಪ್ರಶ್ನೆಗೆ

ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಪ್ರಕರಣ ನಡೆಯುತ್ತಿದೆ, ವಕೀಲರ ಶುಲ್ಕ ಕೊಡುವ ಶಕ್ತಿಯಿಲ್ಲ, ಏಳು ವರ್ಷದ ಮಗಳನ್ನು ನೋಡಲು ನಾನೇ ವಾದಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ವಾದಿಸಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ಆದರೂ ಎದುರು ಪಕ್ಷದವರು ಅನುಮತಿ ಪಡೆದು ವಕೀಲರೊಂದಿಗೆ ಬರಬಹುದು, ಎದೆಗುಂದಬೇಡಿ.

ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಮಧ್ಯಂತರ ಅರ್ಜಿ, ಅಂದರೆ ಪ್ರಕರಣ ಮುಗಿಯುವ ಮೊದಲೇ ಆದೇಶ ಕೋರುವ ಅರ್ಜಿ ಹಾಕಿ. ‘ಮಗುವನ್ನು ನೋಡಲು ಬಿಡಿ’ ಎಂದಷ್ಟೇ ಬರೆದರೆ ಸಾಲದು. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ, ಕರೆತರುವವರು ಯಾರು, ಬೇಸಿಗೆ ರಜೆಯಲ್ಲಿ ಎಷ್ಟು ದಿನ ಎಲ್ಲವನ್ನೂ ಬರೆಯಿರಿ.

ನನ್ನದೇ ಪ್ರಕರಣದಲ್ಲಿ ನಾನು ಹೆಂಡತಿಯ ತಪ್ಪುಗಳನ್ನೇ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ನ್ಯಾಯಾಧೀಶರು ಕೇಳಿದ್ದು ಮಗನ ತರಗತಿ ಶಿಕ್ಷಕಿಯ ಹೆಸರು, ಅವನಿಗೆ ಒಗ್ಗದ ಔಷಧಿ ಯಾವುದು ಎಂದು. ಆ ಪುಟಗಳನ್ನು ಮಡಿಸಿ ಜೇಬಿನಲ್ಲಿಟ್ಟೆ. ಅಲ್ಲಿ ತೂಗುವುದು ಮಗುವಿನ ಹಿತ ಮಾತ್ರ.

ಆಪ್ತ ಸಮಾಲೋಚಕರ ಬಳಿ ಕಳುಹಿಸಿದರೆ ಒಂದು ದಿನಾಂಕವನ್ನೂ ತಪ್ಪಿಸಬೇಡಿ. ನಿಮ್ಮ ಆದಾಯ ಮಿತಿಯೊಳಗಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತವಾಗಿಯೇ ವಕೀಲರು ಸಿಗುತ್ತಾರೆ. ಅರ್ಜಿ ಬರೆಯುವ ಮೊದಲೇ ಅಲ್ಲಿಗೆ ಹೋಗಿ ವಿಚಾರಿಸಿ.