ಪಾಸಿಟಿವ್ ಎಷ್ಟು ಎನ್ನುವ ಮೊದಲು ಪರೀಕ್ಷೆ ಎಷ್ಟು ಎಂದು ಕೇಳಿ

ಪ್ರಶ್ನೆ: ಕೋವಿಡ್ ಕಾಲದಲ್ಲಿ ನಮ್ಮ ತಾಲ್ಲೂಕಿನಲ್ಲಿ ಪರೀಕ್ಷೆ ಹೆಚ್ಚು ಮಾಡಿದ ವಾರ ಪಾಸಿಟಿವ್ ಹೆಚ್ಚು, ಕಡಿಮೆ ಮಾಡಿದ ವಾರ ಕಡಿಮೆ. ಪರೀಕ್ಷೆಯೇ ರೋಗವನ್ನು ದೊಡ್ಡದು ಮಾಡಿ ತೋರಿಸಿತಲ್ಲವೇ? ಆರೋಗ್ಯವಾಗಿದ್ದವರನ್ನೂ ಸಂತೆಯಲ್ಲಿ ಹಿಡಿದು ಮೂಗಿಗೆ ಕಡ್ಡಿ ಹಾಕಿದ್ದೇಕೆ?
– ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ನೀವು ಗಮನಿಸಿದ್ದು ಸರಿ ಸರ್, ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಪಾಸಿಟಿವ್ ಸಂಖ್ಯೆಯೊಂದನ್ನೇ ಇಟ್ಟುಕೊಂಡು ಏನನ್ನೂ ಹೇಳಲಾಗದು. ಒಂದು ತಾಲ್ಲೂಕಿನಲ್ಲಿ 100 ಜನರನ್ನು ಪರೀಕ್ಷಿಸಿದಾಗ 20 ಮಂದಿಗೆ ಸೋಂಕು ಕಂಡಿತು, ಪಕ್ಕದಲ್ಲಿ 1,000 ಜನರನ್ನು ಪರೀಕ್ಷಿಸಿದಾಗ 40 ಮಂದಿಗೆ ಎಂದುಕೊಳ್ಳಿ. ಪತ್ರಿಕೆಯ ಪಟ್ಟಿಯಲ್ಲಿ ಎರಡನೆಯ ತಾಲ್ಲೂಕಿಗೆ ಕೆಟ್ಟ ಹೆಸರು. ನನಗೆ ಭಯವಾಗುವುದು ಮೊದಲನೆಯದನ್ನು ನೋಡಿ. ಪರೀಕ್ಷೆಗೆ ಬಂದ ಐವರಲ್ಲಿ ಒಬ್ಬರಿಗೆ ಸೋಂಕಿದ್ದರೆ, ಬಾರದೇ ಉಳಿದವರಲ್ಲಿ ಇನ್ನೆಷ್ಟೋ ಮಂದಿಗೆ ಇದ್ದೇ ಇರುತ್ತದೆ. ಪಾಸಿಟಿವ್ ಪ್ರಮಾಣ ಶೇ 5ಕ್ಕಿಂತ ಕೆಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಗೆರೆ ಎಳೆದದ್ದು ಇದಕ್ಕಾಗಿಯೇ.

ಪರೀಕ್ಷೆಯ ಕಣ್ಣಿಗೆ ಬೀಳದೆ ಉಳಿದದ್ದು ಎಷ್ಟು ಎಂಬುದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿಯಿದೆ. 2020ರ ಸೆಪ್ಟೆಂಬರ್‌ನಲ್ಲಿ ಅಂದಿನ 30 ಜಿಲ್ಲೆಗಳಲ್ಲೂ ರಕ್ತದ ಮಾದರಿ ಮತ್ತು ಗಂಟಲು ದ್ರವ ಎರಡನ್ನೂ ತೆಗೆದು ಸಮೀಕ್ಷೆ ನಡೆಯಿತು. ಜನಸಂಖ್ಯೆಯ ಶೇ 27.3ರಷ್ಟು ಮಂದಿಗೆ ಅಷ್ಟರಲ್ಲೇ ಸೋಂಕು ತಗುಲಿ ಹೋಗಿತ್ತು ಅಥವಾ ಆಗ ಇತ್ತು ಎಂಬ ಅಂದಾಜು ಬಂತು. ಅಂದರೆ ಸುಮಾರು 1.93 ಕೋಟಿ ಜನ. ಪತ್ತೆಯಾದ ಪ್ರತಿ ಪ್ರಕರಣಕ್ಕೆ ಸುಮಾರು 40 ಸೋಂಕು! ದಿನವೂ ಸಂಜೆ ಬುಲೆಟಿನ್‌ಗೆ ಕಾದು ಕುಳಿತು, ಸೋಂಕಿತರಿಗೆ ಕೊಡುತ್ತಿದ್ದ ಪಿ-ಸಂಖ್ಯೆ (ರೋಗಿ ಸಂಖ್ಯೆ) ಹಿಡಿದು ಯಾರಿಂದ ಯಾರಿಗೆ ಬಂತೆಂದು ಚರ್ಚಿಸುತ್ತಿದ್ದ ನಮಗೆ ಕಂಡದ್ದು ಆ ನಲವತ್ತರಲ್ಲಿ ಒಂದಷ್ಟೇ.

ಇನ್ನು ಸಂತೆಯ ವಿಷಯ. ಇಲ್ಲಿ ನಿಮ್ಮ ಅಸಮಾಧಾನಕ್ಕೆ ನನ್ನ ದನಿಯೂ ಸೇರಲಿ. ಸೋಂಕು ವಿರಳವಾಗಿರುವ ಕಡೆ ರ‍್ಯಾಪಿಡ್ ಆಂಟಿಜೆನ್ ಕಿಟ್ (ಸ್ಥಳದಲ್ಲೇ ಬೇಗ ಫಲಿತಾಂಶ ಕೊಡುವ ಪರೀಕ್ಷಾ ಸಾಮಗ್ರಿ) ಹಿಡಿದು ಸಿಕ್ಕಸಿಕ್ಕವರನ್ನು ಪರೀಕ್ಷಿಸಿದರೆ ಏನಾಗುತ್ತದೆ, ಲೆಕ್ಕ ಹಾಕೋಣ. ಸಾವಿರ ಜನರಲ್ಲಿ 10 ಮಂದಿಗೆ ಸೋಂಕಿದೆ. ಕಿಟ್ ನೂರು ಸೋಂಕಿತರಲ್ಲಿ 60 ಮಂದಿಯನ್ನು ಹಿಡಿಯುತ್ತದೆ, ಸೋಂಕಿಲ್ಲದ ನೂರರಲ್ಲಿ ಒಬ್ಬರನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ನಿಜವಾದ ಸೋಂಕಿತರು ಆರು ಜನ ಸಿಕ್ಕರು, ನಾಲ್ವರು ತಪ್ಪಿಸಿಕೊಂಡರು, ಏನೂ ಇಲ್ಲದ ಸುಮಾರು ಹತ್ತು ಜನ ಪಾಸಿಟಿವ್ ಪಟ್ಟಿ ಸೇರಿದರು. ಇಂದು ಇಷ್ಟು ಮಾದರಿ ಆಗಲೇಬೇಕು ಎಂಬ ಗುರಿ ಮುಟ್ಟಿಸಲು ಬಸ್ ನಿಲ್ದಾಣದಲ್ಲಿ ನಿಂತು ಮಾಡಿದ ಪರೀಕ್ಷೆಗಳಿಂದ ಅಂಕಿ ಬೆಳೆಯಿತೇ ಹೊರತು ತಿಳಿವಳಿಕೆ ಅಷ್ಟಾಗಿ ಬೆಳೆಯಲಿಲ್ಲ. ಲಕ್ಷಣ ಇಲ್ಲದವರನ್ನು ಪರೀಕ್ಷಿಸಲೇಬಾರದು ಎಂದಲ್ಲ. ಸೋಂಕಿತರ ಮನೆಯವರು, ಆಸ್ಪತ್ರೆ ಸಿಬ್ಬಂದಿ, ವೃದ್ಧಾಶ್ರಮದವರು, ಇವರನ್ನು ಹುಡುಕಿಕೊಂಡು ಹೋಗಬೇಕು. ಇಡೀ ಊರಿನ ಸ್ಥಿತಿ ತಿಳಿಯಬೇಕಾದರೆ ಸಮೀಕ್ಷೆಯಂತೆ ಕ್ರಮಬದ್ಧವಾಗಿ ಮನೆಗಳನ್ನು ಆರಿಸಿ ಮಾದರಿ ತೆಗೆಯಬೇಕು.

ಪ್ರಶ್ನೆ: ನಮ್ಮ ಅತ್ತೆಗೆ ಜ್ವರ, ಕೆಮ್ಮು ಇದ್ದಾಗ ರ‍್ಯಾಪಿಡ್ ಪರೀಕ್ಷೆಯಲ್ಲಿ ನೆಗೆಟಿವ್ ಬಂತು. ಎರಡು ದಿನ ಬಿಟ್ಟು ಪ್ರಯೋಗಾಲಯದಲ್ಲಿ ಮಾಡಿದ ಆರ್‌ಟಿ–ಪಿಸಿಆರ್‌ನಲ್ಲಿ ಪಾಸಿಟಿವ್. ಕಿಟ್ ನಕಲಿಯೇ?
– ಗೃಹಿಣಿ, ಗದಗ

ಉತ್ತರ: ನಕಲಿ ಎನ್ನಬೇಕಾಗಿಲ್ಲ ತಾಯಿ. 2020ರ ಜೂನ್‌ನಲ್ಲಿ ಈ ಕಿಟ್‌ಗೆ ಅನುಮತಿ ಕೊಡುವಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿತ್ತು: ಇದು ಸೋಂಕಿತರಲ್ಲಿ ಶೇ 50.6ರಿಂದ 84ರಷ್ಟು ಮಂದಿಯನ್ನಷ್ಟೇ ಪತ್ತೆ ಮಾಡುತ್ತದೆ. ಲಕ್ಷಣವಿದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ–ಪಿಸಿಆರ್ ಮಾಡಲೇಬೇಕು ಎಂದೂ ಅದು ಸೂಚಿಸಿತ್ತು. ಮೇಲಿನ ಲೆಕ್ಕವನ್ನೇ ಜ್ವರ ಚಿಕಿತ್ಸಾಲಯಕ್ಕೆ ಒಯ್ಯಿರಿ. ಅಲ್ಲಿಗೆ ಬಂದ ಸಾವಿರ ಜನರಲ್ಲಿ 300 ಮಂದಿಗೆ ಸೋಂಕಿದ್ದರೆ ಅದೇ ಕಿಟ್ 120 ಜನರನ್ನು ಬಿಟ್ಟುಬಿಡುತ್ತದೆ. ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋದ ಏಳು ಜನರಲ್ಲಿ ಒಬ್ಬರು ಸೋಂಕು ಹೊತ್ತೇ ಹೋದಂತಾಯಿತು. ಸಂತೆಯಲ್ಲಿ ಅದರ ಪಾಸಿಟಿವ್ ಅನ್ನು ಅನುಮಾನಿಸಬೇಕು, ಜ್ವರದ ಕೋಣೆಯಲ್ಲಿ ನೆಗೆಟಿವ್ ಅನ್ನು.

ಪ್ರಶ್ನೆ: ಬೆಂಗಳೂರಿನಲ್ಲಿ ಚರಂಡಿ ನೀರಿನಲ್ಲಿ ವೈರಸ್ ಹುಡುಕುತ್ತಾರಂತೆ. ಯಾರ ಮನೆಯಲ್ಲಿ ಸೋಂಕಿದೆ ಎಂದು ಗೊತ್ತಾಗುತ್ತದೆಯೇ?
– ಅಪಾರ್ಟ್‌ಮೆಂಟ್ ನಿವಾಸಿ, ಸರ್ಜಾಪುರ ರಸ್ತೆ

ಉತ್ತರ: ಇಲ್ಲ. ನಗರದ 28 ಶುದ್ಧೀಕರಣ ಘಟಕಗಳಿಗೆ ಬರುವ ಕೊಳಚೆ ನೀರಿನ ಮಾದರಿಯನ್ನು ಸಂಶೋಧಕರು ಪರೀಕ್ಷಿಸಿದರು. ಒಂದೊಂದು ಘಟಕಕ್ಕೂ ಹಲವು ಬಡಾವಣೆಗಳ ನೀರು ಹರಿದು ಬರುತ್ತದೆ, ಅದರಲ್ಲಿ ನಿಮ್ಮ ಮನೆಯದು ಯಾವುದೆಂದು ಹೇಗೆ ಬೇರ್ಪಡಿಸುವುದು? ಲಕ್ಷಣ ಇರಲಿ, ಇಲ್ಲದಿರಲಿ, ಅನೇಕ ಸೋಂಕಿತರ ಮಲದಲ್ಲಿ ವೈರಸ್‌ನ ಅಂಶ ಹೊರಬೀಳುತ್ತದೆ. ಪರೀಕ್ಷೆಗೆ ಬರಲು ಹಿಂದೇಟು ಹಾಕಿದವರೂ ಶೌಚಾಲಯಕ್ಕೆ ಹೋಗಲೇಬೇಕಲ್ಲ! ಪೋಲಿಯೊ ಕಣ್ಗಾವಲಿಗೆ ಮುಂಬೈನಲ್ಲಿ ಇದೇ ಉಪಾಯ 2001ರಿಂದಲೇ ಬಳಕೆಯಲ್ಲಿದೆ.

ಮಳೆ ಬಂದರೆ ಕೊಳಚೆ ತೆಳುವಾಗುತ್ತದೆ, ವೈರಸ್ ಕಡಿಮೆಯಾದಂತೆ ಕಾಣುತ್ತದೆ. ಅದನ್ನು ಸರಿದೂಗಿಸಲು ಪ್ರಯೋಗಾಲಯಗಳಲ್ಲಿ ಒಂದು ಚಂದದ ಉಪಾಯವಿದೆ: ಮೆಣಸಿನ ಗಿಡಕ್ಕೆ ತಗಲುವ, ಮನುಷ್ಯರಿಗೆ ನಿರುಪದ್ರವಿಯಾದ ಒಂದು ವೈರಸ್ಸನ್ನೂ ಅಳೆಯುವುದು. ಮೆಣಸಿನಕಾಯಿ, ಖಾರದಪುಡಿ, ಸಾಸ್ ತಿಂದ ಬಹಳಷ್ಟು ಜನರ ಮಲದಲ್ಲಿ ಅದು ಇರುವುದರಿಂದ, ಆ ನೀರಿನಲ್ಲಿ ಮನುಷ್ಯರ ಮಲದ ಪಾಲು ಎಷ್ಟೆಂದು ಅದು ತೋರಿಸಿಕೊಡುತ್ತದೆ. ಆದರೆ ಇದೆಲ್ಲ ಒಳಚರಂಡಿ ಇರುವ ಊರಿಗೆ ಮಾತ್ರ. ಗುಂಡಿ ಶೌಚಾಲಯಗಳ ಹಳ್ಳಿಯಲ್ಲಿ ಮನೆಮನೆಗೆ ನಡೆದು ಹೋಗುವವರೇ ಬೇಕು.

ಪ್ರಶ್ನೆ: ಆಶಾ ಕಾರ್ಯಕರ್ತೆ ಈಗಲೂ ಜ್ವರ ಇದೆಯೇ ಎಂದು ಕೇಳಿಕೊಂಡು ಬರುತ್ತಾರೆ. ಹೇಳಬೇಕೇ?
– ರೈತ, ಸಾಗರ

ಉತ್ತರ: ಖಂಡಿತ ಹೇಳಿ. 2020ರಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಒಂದೂವರೆ ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ವೃದ್ಧರು, ಗರ್ಭಿಣಿಯರು, ಬಿಪಿ–ಸಕ್ಕರೆ ಕಾಯಿಲೆ ಇರುವವರನ್ನು ಪಟ್ಟಿ ಮಾಡಿದರು. ಬಾಗಿಲಿಗೆ ಪಟ್ಟಿ ಅಂಟಿಸಿ ಸೀಲ್‌ಡೌನ್ ಮಾಡುತ್ತಾರೆಂಬ ಭಯದಿಂದ ಅಂದು ಎಷ್ಟೋ ಮನೆಗಳಲ್ಲಿ ಜ್ವರವನ್ನು ಮುಚ್ಚಿಟ್ಟರು. ಈಗ ಆ ಭಯ ಬೇಡ. ಜ್ವರ ಶುರುವಾದ ದಿನ, ಮನೆಯಲ್ಲಿ ಇನ್ನೆಷ್ಟು ಮಂದಿಗೆ ಇದೆ, ಈಚೆಗೆ ಕಾಡಿಗೆ ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತದ್ದನ್ನು ಕಂಡಿರಾ ಎಂಬುದನ್ನೂ ತಿಳಿಸಿ. ಮಂಗನ ಕಾಯಿಲೆ (ಕೆಎಫ್‌ಡಿ) ಕಾಡುವ ನಿಮ್ಮ ಸೀಮೆಯಲ್ಲಿ ಕೊನೆಯ ಎರಡು ಮಾಹಿತಿಗೆ ಕೋವಿಡ್‌ಗಿಂತ ಹೆಚ್ಚು ಬೆಲೆಯಿದೆ.